ರಕ್ಷಣಾ ವೀಸಾ ನ್ಯಾಯಮಂಡಳಿಯಲ್ಲೂ ತಿರಸ್ಕೃತವಾದರೆ ಕೋರ್ಟು ವೀಸಾ ಕೊಡುತ್ತದೆಯೇ?

ಕೊಡುವುದಿಲ್ಲ. ಆದರೂ ಕೋರ್ಟಿಗೆ ಹೋಗುವುದರಿಂದ ಪ್ರಯೋಜನವಿದೆ. ಊರಿಗೆ ಮರಳಿದರೆ ಅಪಾಯವಿದೆ ಎನ್ನುವವರು ಕೋರುವ ಈ ವೀಸಾಕ್ಕೆ ಆಸ್ಟ್ರೇಲಿಯಾದಲ್ಲಿರುವ ನಿಮ್ಮ ಗೆಳೆಯ ಹಾಕಿದ ಅರ್ಜಿಯನ್ನು, ವೀಸಾ ನಿರಾಕರಣೆಯನ್ನು ಮರುಪರಿಶೀಲಿಸುವ ನ್ಯಾಯಮಂಡಳಿಯೂ ತಳ್ಳಿಹಾಕಿ ಮೂರು ವಾರವಾಯಿತು, ಇನ್ನೂ ಸಮಯವಿದೆ ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆಂದು ನಿಧಾನಿಸಬೇಡಿ. ಫೆಡರಲ್ ಸರ್ಕ್ಯೂಟ್ ಮತ್ತು ಫ್ಯಾಮಿಲಿ ಕೋರ್ಟಿನ ಎರಡನೇ ವಿಭಾಗದಲ್ಲಿ 35 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಎಣಿಕೆ ಶುರುವಾಗುವುದು ತೀರ್ಮಾನದ ಮೇಲೆ ನಮೂದಾದ ದಿನಾಂಕದಿಂದ, ಪತ್ರ ಕೈಸೇರಿದ ದಿನದಿಂದಲ್ಲ. ತಡವಾದರೆ ಕಾರಣವನ್ನು ಬರೆದುಕೊಟ್ಟು ಹೆಚ್ಚಿನ ಕಾಲಾವಕಾಶ ಕೇಳಬಹುದು, ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

ಸಿಡ್ನಿಯ ವಕೀಲರೊಬ್ಬರ ಕಚೇರಿಯಲ್ಲಿ ಇಂತಹ ಕಡತಗಳನ್ನು ಸಿದ್ಧಪಡಿಸುವ ಕೆಲಸ ಮಾಡಿದ್ದೇನೆ. ಬರುವವರ ಕೈಯಲ್ಲಿ ಊರಿನಿಂದ ತರಿಸಿದ ಹೊಸ ಪತ್ರಗಳು, ಗಾಯದ ಫೋಟೋಗಳು ಇರುತ್ತಿದ್ದವು. ನ್ಯಾಯಾಧೀಶರು ಒಮ್ಮೆ ನನ್ನ ಕಷ್ಟ ಕೇಳಿದರೆ ಸಾಕು ಎನ್ನುತ್ತಿದ್ದರು. ಆ ಕಷ್ಟ ನಿಜವೇ ಎಂಬುದನ್ನು ಈ ಕೋರ್ಟು ತೂಗುವುದಿಲ್ಲ ಎಂದು ಅವರಿಗೆ ಹೇಳುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತಿತ್ತು.

ನಮ್ಮ ಹೈಕೋರ್ಟಿನ ರಿಟ್ ಅರ್ಜಿಯನ್ನು ನೆನಪಿಸಿಕೊಳ್ಳಿ. ತಹಶೀಲ್ದಾರರು ನೋಟಿಸ್ ಕೊಡದೆ ಆದೇಶ ಹೊರಡಿಸಿದ್ದರೆ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿ, ಹೊಸದಾಗಿ ವಿಚಾರಣೆ ನಡೆಸಿ ಎಂದು ಹಿಂದಕ್ಕೆ ಕಳುಹಿಸುತ್ತದೆ. ಇಲ್ಲಿಯೂ ಹಾಗೆಯೇ. ನ್ಯಾಯಮಂಡಳಿ ಕಾನೂನು ಕೊಟ್ಟ ಅಧಿಕಾರದ ಗಡಿಯೊಳಗೆ ನಡೆದುಕೊಂಡಿತೇ ಎಂಬುದಷ್ಟೇ ಪ್ರಶ್ನೆ. ಗೆದ್ದರೆ ಪ್ರಕರಣ ನ್ಯಾಯಮಂಡಳಿಗೆ ಮರಳುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಇರಾನಿನ ನಾವಿಕರೊಬ್ಬರು 2001ರಲ್ಲಿ ಪೋರ್ಟ್ ಕೆಂಬ್ಲಾದಲ್ಲಿ ಹಡಗು ಬಿಟ್ಟು ಇಳಿದರು. ಕ್ರೈಸ್ತ ಧರ್ಮದತ್ತ ತಮಗಿದ್ದ ಒಲವು ಕ್ಯಾಪ್ಟನ್‌ಗೆ ತಿಳಿದುಹೋಗಿದೆ, ಊರಿಗೆ ಮರಳಿದರೆ ಉಳಿಗಾಲವಿಲ್ಲ ಎಂಬುದು ಅವರ ಅಳಲು. ನ್ಯಾಯಮಂಡಳಿ ಅವರ ಹೇಳಿಕೆಯ ಮೂರು ಸಂಗತಿಗಳನ್ನು ನಂಬಲಿಲ್ಲ. ಆ ಅನುಮಾನವನ್ನು ವಿಚಾರಣೆಯಲ್ಲಿ ಅವರ ಮುಂದೆ ಇಡಲೂ ಇಲ್ಲ. ನಿರ್ಣಾಯಕವಾದ ವಿಷಯ ಯಾವುದೆಂದು ತಿಳಿಸದೆ ತೀರ್ಮಾನಿಸಿದ್ದು ಅನ್ಯಾಯ ಎಂದು ಆಸ್ಟ್ರೇಲಿಯಾದ ಹೈಕೋರ್ಟು (ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) 2006ರಲ್ಲಿ ಹೇಳಿತು. ತೀರ್ಪಿನಲ್ಲಿ ಅವರ ಹೆಸರಿಲ್ಲ, ‘ಎಸ್‌ಝಡ್‌ಬಿಇಎಲ್’ ಎಂಬ ಅಕ್ಷರಗಳು ಮಾತ್ರ ಇವೆ. ರಕ್ಷಣೆ ಕೋರಿದವರ ಹೆಸರನ್ನು ಅಲ್ಲಿನ ಕೋರ್ಟುಗಳು ಪ್ರಕಟಿಸುವಂತಿಲ್ಲ. ಊರಿನಲ್ಲಿರುವ ಮನೆಯವರ ಗತಿಯೇನು ಎಂದು ನಿಮ್ಮ ಗೆಳೆಯ ಹೆದರಿದ್ದರೆ ಇದನ್ನು ಮೊದಲು ತಿಳಿಸಿ.

ತಪ್ಪು ನಡೆದಿದೆ ಎಂದು ತೋರಿಸಿದರಷ್ಟೇ ಸಾಲದು, ಅದಿಲ್ಲದಿದ್ದರೆ ತೀರ್ಮಾನ ಬೇರೆಯಾಗುವ ಸಾಧ್ಯತೆ ಇತ್ತು ಎಂಬುದೂ ಕಾಣಬೇಕು. ಸೋತರೆ ಸಾಮಾನ್ಯವಾಗಿ ಸರ್ಕಾರದ ವಕೀಲರ ಖರ್ಚನ್ನೂ ಕಟ್ಟಬೇಕಾಗುತ್ತದೆ. ಕೋರ್ಟಿಗೆ ಅರ್ಜಿ ಹಾಕಿದ ಮಾತ್ರಕ್ಕೆ ದೇಶದಲ್ಲಿ ಉಳಿಯುವ ಹಕ್ಕು ತಾನಾಗಿ ಬರುವುದಿಲ್ಲ. ಪ್ರಕರಣ ಮುಗಿಯುವವರೆಗೆ ಉಳಿಯಲು ಕೊಡುವ ತಾತ್ಕಾಲಿಕ ‘ಬ್ರಿಡ್ಜಿಂಗ್ ವೀಸಾ’ದ ಬಗ್ಗೆ ವಕೀಲರನ್ನು ಬೇರೆಯಾಗಿಯೇ ಕೇಳಬೇಕು.

ಈ ವಾರವೇ ಒಂದು ಕೆಲಸ ಮಾಡಿಸಿ. ವಿಚಾರಣೆಯ ಧ್ವನಿಮುದ್ರಣವನ್ನು ನ್ಯಾಯಮಂಡಳಿಯಿಂದ ಪಡೆದು, ಗೆಳೆಯನ ಭಾಷೆ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಲಿ. ದುಭಾಷಿ ತಪ್ಪಾಗಿ ಹೇಳಿದ ಮಾತು, ಕೇಳದೇ ಬಿಟ್ಟ ಪ್ರಶ್ನೆ, ತೀರ್ಪಿನಲ್ಲಿ ಉತ್ತರವೇ ಸಿಗದ ವಾದ, ಇವು ಯಾವ ನಿಮಿಷದಲ್ಲಿವೆ ಎಂದು ಗುರುತು ಹಾಕಿಕೊಂಡು, ತೀರ್ಪಿನ ಪ್ರತಿಯೊಂದಿಗೆ ವಕೀಲರ ಬಳಿ ಹೋಗಲಿ.