ಅಂಬಾಸಿಡರ್ ಎಂಜಿನ್: ರೀಬೋರ್ ಮಾಡಿಸುವುದೇ, ಬದಲಿಸುವುದೇ?

ಚಿತ್ರದುರ್ಗದಲ್ಲಿರುವ ನಿಮ್ಮ 1972ರ ಅಂಬಾಸಿಡರ್ ನೀಲಿ ಹೊಗೆ ಉಗುಳುತ್ತಿದೆ, ಮೆಕ್ಯಾನಿಕ್ ಅದರ ಬದಲು ಜಪಾನಿನ ಇಸುಜು ಕಂಪನಿಯ ಎಂಜಿನ್ ಕೂರಿಸೋಣವೆನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು) ಮಾಡಿಸಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ನಿನ ರಿಂಗು ಅಥವಾ ಬೋರು (ಸಿಲಿಂಡರಿನ ಒಳಗೋಡೆ) ಸವೆದಿದೆಯೆಂದೂ, ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು) ಕಡೆ ದೋಷವಿದೆಯೆಂದೂ ಊಹಿಸಬಹುದು. ಎರಡನೆಯದಾದರೆ ಹೆಡ್ ಕೆಲಸವಷ್ಟೇ ಸಾಕಾದೀತು. ಬೋರು ಸವೆದಿದ್ದರೂ, ಬ್ಲಾಕ್ ಬಿರುಕು ಬಿಟ್ಟಿರದಿದ್ದರೆ, 1489 ಸಿಸಿಯ ಆ ಮೂಲ ಎಂಜಿನ್ನನ್ನೇ ರೀಬೋರ್ ಮಾಡಿಸಿ, ಅಂದರೆ ಸವೆದ ಬೋರನ್ನು ಕೊರೆದು ತುಸು ಅಗಲಿಸಿ, ಉಳಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಬದಲಿಸಿದರೆ ಗೇರ್‌ಬಾಕ್ಸಿನ ಖರ್ಚೂ ಸೇರುತ್ತದೆ (ಇದನ್ನು ಮೆಕ್ಯಾನಿಕ್‌ಗಳು ಮೊದಲೇ ಹೇಳುವುದು ಅಪರೂಪ). ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆ ನಮೂದಿಸಬೇಕು. ಅಲ್ಲದೆ, 50 ವರ್ಷ ದಾಟಿದ ವಾಹನಗಳಿಗಾಗಿ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ ಮೂಲ ಸ್ವರೂಪವನ್ನೇ ಬಯಸುತ್ತದೆ.