ಸ್ಕ್ಯಾನಿಂಗ್ ನಾರ್ಮಲ್, ಆದರೂ ಯಾಕಿಷ್ಟು ನೋವು?

ಪ್ರಶ್ನೆ: ನನಗೆ 24 ವರ್ಷ. ಮುಟ್ಟಾದಾಗ ಹೊಟ್ಟೆ, ಸೊಂಟ ಹಿಂಡಿದಂತೆ ನೋಯುತ್ತದೆ. ವಾಂತಿಯಾಗುತ್ತದೆ, ಕೆಲಸಕ್ಕೆ ಹೋಗಲು ಆಗುವುದಿಲ್ಲ. ಆ ದಿನಗಳಲ್ಲಿ ಮಲವಿಸರ್ಜನೆ ಮಾಡುವಾಗಲೂ ಒಳಗೆ ಚುಚ್ಚುತ್ತದೆ. ಕೆಲವೊಮ್ಮೆ ಎರಡು ತಿಂಗಳಾದರೂ ಮುಟ್ಟಾಗುವುದಿಲ್ಲ. ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ. ಎಲ್ಲರಿಗೂ ಇರುವುದೇ, ಮಗುವಾದ ಮೇಲೆ ಸರಿಹೋಗುತ್ತದೆ ಎನ್ನುತ್ತಾರೆ. ಮತ್ತೆ ಡಾಕ್ಟರ ಹತ್ತಿರ ಹೋಗಲೇ?

ಉತ್ತರ: ಖಂಡಿತ ಹೋಗಿ. ಸ್ವಲ್ಪ ನೋವು ಹಲವರಿಗೆ ಇರುತ್ತದೆ, ನಿಜ. ಆದರೆ ಹಾಸಿಗೆ ಹಿಡಿಸುವ ನೋವು ಎಲ್ಲರಿಗೂ ಇರುವುದಲ್ಲ.

ಮಲವಿಸರ್ಜನೆಯ ನೋವು ಎಂದಿರಲ್ಲ, ಅದನ್ನು ಓದಿದ ಕೂಡಲೇ ನನಗೆ ಎಂಡೊಮೆಟ್ರಿಯೋಸಿಸ್ ಅನುಮಾನ ಬಂತು. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯ, ಕರುಳಿನಂಥ ಕಡೆ ಬೆಳೆಯುವ ಕಾಯಿಲೆ ಇದು. ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುತ್ತದೆ. ಆದರೂ ಪತ್ತೆಯಾಗಲು ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ. ಅಂಡಾಶಯದಲ್ಲಿ ಗಡ್ಡೆಯಾಗಿದ್ದರೆ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಹೊಟ್ಟೆಯೊಳಗಿನ ಪೊರೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹರಡಿದ್ದರೆ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ ಎಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ಮೊದಲೆಲ್ಲ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಇಳಿಸಿ ಹೊಟ್ಟೆಯೊಳಗೆ ನೋಡುವ ಶಸ್ತ್ರಚಿಕಿತ್ಸೆ) ಮಾಡಿದರಷ್ಟೇ ಖಚಿತ ಎನ್ನುತ್ತಿದ್ದರು. 2022ರ ಯುರೋಪಿನ ಮಾರ್ಗಸೂಚಿ ಆ ಪಟ್ಟು ಸಡಿಲಿಸಿದೆ. ಲಕ್ಷಣ ನೋಡಿ ಹಾರ್ಮೋನ್ ಮಾತ್ರೆ ಶುರು ಮಾಡುವುದೂ ಉಂಟು.

ಮುಟ್ಟಿನ ಏರುಪೇರಿಗೆ ಕಾರಣ ಬೇರೆಯೇ ಇರಬಹುದು. ಪದೇ ಪದೇ 35 ದಿನ ದಾಟುತ್ತಿದ್ದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿಗೆ ಸಂಬಂಧಿಸಿದ ಹಾರ್ಮೋನ್) ಪರೀಕ್ಷೆ ಮಾಡಿಸಬೇಕು, ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ಸಮಸ್ಯೆ) ಇದೆಯೇ ನೋಡಬೇಕು. ಒಂದು ಮಾತು ನೆನಪಿಡಿ: ಪಿಸಿಒಎಸ್ ಇದೆ ಎಂದು ಗೊತ್ತಾದರೆ ಎಷ್ಟೋ ಸಲ ನೋವಿನ ಕಾರಣದ ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ. ಹಾಗಾಗಲು ಬಿಡಬೇಡಿ. ಇಷ್ಟು ನೋವು ಸಾಮಾನ್ಯವಾಗಿ ಪಿಸಿಒಎಸ್‌ನಿಂದ ಬರುವುದಿಲ್ಲ. ಎರಡೂ ಒಟ್ಟಿಗೆ ಇರಬಹುದಲ್ವಾ?

ಡಾಕ್ಟರ ಮುಂದೆ ಸುಮ್ನೆ "ತುಂಬಾ ನೋವು" ಎಂದರೆ ಸಾಲದು. ವಾಂತಿ, ತಪ್ಪಿದ ಕೆಲಸ, ನೋವಿನ ಮಾತ್ರೆಗೂ ಬಗ್ಗದ ದಿನಗಳು, ಎಲ್ಲವನ್ನೂ ಹೇಳಿ. ಮುಟ್ಟಿನ ತಾರೀಕು ಬರೆದಿಟ್ಟುಕೊಂಡು ಹೋಗಿ. "ಇದು ಎಂಡೊಮೆಟ್ರಿಯೋಸಿಸ್ ಇರಬಹುದಾ?" ಎಂದು ನೇರವಾಗಿ ಕೇಳಿ. ಅವರು ತಳ್ಳಿಹಾಕಿದರೆ ಈ ಕಾಯಿಲೆ ನೋಡಿ ಅನುಭವವಿರುವ ಸ್ತ್ರೀರೋಗ ತಜ್ಞರನ್ನು ಕಾಣಿ. ಅದರಲ್ಲಿ ಸಂಕೋಚವೇ ಬೇಡ.

ಮುಟ್ಟು ತಡವಾದಾಗ ಗರ್ಭ ನಿಂತಿರುವ ಸಾಧ್ಯತೆ ಇದ್ದರೆ ಮೊದಲು ಆ ಪರೀಕ್ಷೆ ಮಾಡಿಕೊಳ್ಳಿ. ಆಗ ಒಂದೇ ಕಡೆ ಜೋರು ನೋವು, ತಲೆಸುತ್ತು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.