ನಾಲ್ಕೂವರೆಯ ಅಲಾರಂ ಮೊದಲು ಆಫ್ ಮಾಡಿ

ಪ್ರಶ್ನೆ: ನನಗೆ 43 ವರ್ಷ. ಅರಸೀಕೆರೆ ಹತ್ತಿರದ ಹಳ್ಳಿ. ಸಹಕಾರ ಸಂಘದಲ್ಲಿ ಕೆಲಸ. ಹೋದ ವರ್ಷ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮಾತೂ ಸರಿಯಾಗಿ ಬರುವುದಿಲ್ಲ. ಮನೆಯಲ್ಲಿ 70 ದಾಟಿದ ಅತ್ತೆ, ಸೆಕೆಂಡ್ ಪಿಯುಸಿ ಓದುವ ಮಗಳು ಇದ್ದಾರೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಯಜಮಾನರ ಮಗ್ಗಲು ಬದಲಿಸುತ್ತೇನೆ. ಬೆಳಿಗ್ಗೆ ಅವರ ಸ್ನಾನ, ತಿಂಡಿ, ಮಾತ್ರೆ, ಮಗಳ ಡಬ್ಬಿ ಮುಗಿಸಿ ಕೆಲಸಕ್ಕೆ ಓಡುತ್ತೇನೆ. ಮನಸ್ಸು ಗಟ್ಟಿ ಮಾಡಿಕೊಳ್ಳೋಣ ಅಂತ ಯೂಟ್ಯೂಬ್ ನೋಡಿ ನಾಲ್ಕೂವರೆಗೆ ಏಳುವುದು, ಧ್ಯಾನ ಮಾಡುವುದು, ಡೈರಿ ಬರೆಯುವುದು ಶುರು ಮಾಡಿದೆ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅಂದಿದ್ದರು. ಎರಡನೇ ವಾರಕ್ಕೇ ಕೈಬಿಟ್ಟೆ. ಮೊನ್ನೆ ಹಾಲು ಉಕ್ಕಿದ್ದಕ್ಕೆ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ಅವರು ಗಂಜಿ ಚೆಲ್ಲಿಕೊಂಡಾಗ ಕೂಗಾಡಿದೆ. ಬೆಂಗಳೂರಿನಲ್ಲಿರುವ ಮೈದುನ ‘ಏನಾದ್ರೂ ಬೇಕಿದ್ರೆ ಹೇಳಿ ಅತ್ತಿಗೆ’ ಅನ್ನುತ್ತಾರೆ. ನಾನು ಏನೂ ಕೇಳಿಲ್ಲ. ಕೆಲವು ರಾತ್ರಿ, ಮಲಗಿದವಳು ಏಳದಿದ್ದರೇ ಒಳ್ಳೇದು ಅನಿಸುತ್ತದೆ. ಎಲ್ಲರೂ ‘ಗಟ್ಟಿಯಾಗಿರು’ ಅನ್ನುತ್ತಾರೆ. ಹೇಗೆ?

ಉತ್ತರ: ಎಲ್ಲಕ್ಕಿಂತ ಮೊದಲು ‘ಏಳದಿದ್ದರೇ ಒಳ್ಳೇದು’ ಅಂದಿದ್ದೀರಲ್ಲ, ಆ ಮಾತು. ಇಷ್ಟು ದಿನ ಯಾರಿಗೂ ಹೇಳಿರಲಿಕ್ಕಿಲ್ಲ. ಬರೆದದ್ದು ಒಳ್ಳೆಯದಾಯಿತು. ನಿದ್ದೆಗೆಟ್ಟು ದಣಿದವರಿಗೆ ಹಾಗೆ ಅನಿಸುವುದುಂಟು. ಹಾಗಂತ ಸುಮ್ನೆ ಬಿಡುವ ವಿಷಯವಲ್ಲ. ಇವತ್ತೇ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರಿ ಸೇವೆ ಇದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಹೊತ್ತಿಗೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಒಮ್ಮೆ ಹೋಗಿಬನ್ನಿ. ಮಾತ್ರೆ ಬೇಕು ಅಂದರೆ ತಗೊಳ್ಳಿ. ಯಜಮಾನರ ಬಿಪಿ ಮಾತ್ರೆಗೆ ಇಲ್ಲದ ಸಂಕೋಚ ಇದಕ್ಕೂ ಬೇಡ. ಸಾಯಬೇಕು, ಹೀಗೆ ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಒಬ್ಬರೇ ಇರಬೇಡಿ. ಸರಿರಾತ್ರಿಯಾದರೂ ಅತ್ತೆಯನ್ನು ಎಬ್ಬಿಸಿ ಹೇಳಿ.

ಇನ್ನು ‘ಗಟ್ಟಿಯಾಗಿರು’ ಅನ್ನುವವರ ವಿಚಾರ. ಇಬ್ಬರು ಮೂವರು ಮಾಡಬೇಕಾದ್ದನ್ನು ಒಂದು ವರ್ಷದಿಂದ ನೀವೊಬ್ಬರೇ ಮಾಡುತ್ತಿದ್ದೀರಿ. ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಕಟ್ಟಿ, ಈ ಎತ್ತಿಗೆ ಬಲ ಸಾಲದು ಅಂದರೆ ಹೇಗೆ? ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತಲ್ಲ. ಹೊರೆ ಜಾಸ್ತಿಯಾಗಿದೆ.

ಆ ವಿಡಿಯೊಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟು ಬಂತು. ರಾತ್ರಿ ಮೂರು ನಾಲ್ಕು ಸಲ ಏಳುವ ಹೆಂಗಸಿಗೆ ನಾಲ್ಕೂವರೆಗೆ ಎದ್ದು ಧ್ಯಾನ ಮಾಡಿ ಅನ್ನುವುದು ಸಲಹೆಯಲ್ಲ, ಇನ್ನೊಂದು ಶಿಕ್ಷೆ. ಆ ಅಲಾರಂ ಆಫ್ ಮಾಡಿ. ನಿಮಗೆ ಈಗ ಬೇಕಿರುವುದು ನಿದ್ದೆ. ನಿದ್ದೆ ಹೀಗೆ ತುಂಡು ತುಂಡಾದರೆ ಎಂಥವರಿಗೂ ಸಣ್ಣದಕ್ಕೆಲ್ಲ ಅಳು, ಸಿಟ್ಟು ಬರುತ್ತದೆ. ಅವತ್ತು ಅಳು ತರಿಸಿದ್ದು ಹಾಲಲ್ಲ, ಒಂದು ವರ್ಷದ ನಿದ್ದೆಗೇಡು.

ಮಗ್ಗಲು ಬದಲಿಸಿ ಅಂತ ಡಾಕ್ಟರು ಹೇಳುವುದು ಬೆನ್ನು, ಸೊಂಟದಲ್ಲಿ ಹುಣ್ಣಾಗದಿರಲಿ ಅಂತ. ಅದು ಬಹಳ ಮುಖ್ಯ, ನೀವಾಗೇ ನಿಲ್ಲಿಸಬೇಡಿ. ಆದರೆ ಆಸ್ಪತ್ರೆಯಿಂದ ಮನೆಗೆ ಕರೆತಂದ ಹೊಸದರಲ್ಲಿ ಹೇಳಿದ ಮಾತು ಅದು, ಅಲ್ವಾ? ಈಗ ಅವರ ಸ್ಥಿತಿ ಬೇರೆ ಇರಬಹುದು. ಎಡಗೈಯಲ್ಲಿ ಮಂಚದ ಕಂಬಿ ಹಿಡಿದು ತಾವೇ ಸ್ವಲ್ಪ ಹೊರಳಲು ಆಗುತ್ತದೆಯೇ? ಏರ್ ಬೆಡ್ ಹಾಕಿದರೆ ರಾತ್ರಿ ನಾಲ್ಕು ಗಂಟೆಗೊಮ್ಮೆ ಬದಲಿಸಿದರೆ ಸಾಕೇ? ಈ ಎರಡು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರನ್ನು ಕೇಳಿ. ಹೂಂ ಅಂದರೆ ಒಂದೇ ಪಟ್ಟಿಗೆ ನಾಲ್ಕು ಗಂಟೆ ನಿದ್ದೆ ಸಿಗುತ್ತದೆ. ಸಂಜೆ ಕಾಫಿ ಕುಡಿಯುವ ರೂಢಿ ಇದ್ದರೆ ನಾಲ್ಕು ಗಂಟೆಯೊಳಗೆ ಮುಗಿಸಿ. ಕುಡಿದು ಐದಾರು ಗಂಟೆ ಕಳೆದರೂ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದೆ.

21 ದಿನದ ಲೆಕ್ಕವನ್ನೂ ಮನಸ್ಸಿನಿಂದ ತೆಗೆದುಹಾಕಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಸೇರಿಸಿಕೊಂಡು ಇದನ್ನೇ ಅಧ್ಯಯನ ಮಾಡಿದ್ದರು. 2010ರಲ್ಲಿ ಅದು ಪ್ರಕಟವಾಯಿತು. ಊಟದ ಜೊತೆ ಹಣ್ಣು ತಿನ್ನುವುದು, ತಿಂಡಿಯಾದ ಮೇಲೆ ನಡೆಯುವುದು, ಇಂಥ ಒಂದೊಂದು ಕೆಲಸ ಆರಿಸಿಕೊಂಡಿದ್ದರು. ಅದು ರೂಢಿಗೆ ಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಅನ್ನುವ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೂ ಏನೂ ಹಾಳಾಗಲಿಲ್ಲ. ಆದ್ದರಿಂದ ಎರಡನೇ ವಾರಕ್ಕೆ ಬಿಟ್ಟೆ ಅಂತ ಕೊರಗಬೇಡಿ. ಮೂರು ಹೊಸ ಕೆಲಸ ಒಟ್ಟಿಗೆ ಹೊತ್ತುಕೊಂಡಿರಿ, ಅದೂ ಜಾಗವೇ ಇಲ್ಲದ ದಿನದಲ್ಲಿ.

ನಿಮ್ಮ ಪತ್ರ ಎರಡು ಸಲ ಓದಿದೆ. ಅವರ ಸ್ನಾನ ಇದೆ, ಅವರ ತಿಂಡಿ ಇದೆ, ಮಗಳ ಡಬ್ಬಿ ಇದೆ. ನಿಮ್ಮ ತಿಂಡಿ ಎಲ್ಲೂ ಇಲ್ಲ. ಮೊದಲ ಅಭ್ಯಾಸ ಅದೇ ಆಗಲಿ. ಅವರಿಗೆ ಮಾತ್ರೆ ಕೊಟ್ಟ ಕೂಡಲೇ ನಿಮ್ಮ ತಟ್ಟೆ ಹಾಕಿಕೊಳ್ಳಿ. ನಿಂತು ತಿನ್ನಬೇಡಿ, ಅವರ ಮಂಚದ ಪಕ್ಕವೇ ಕೂತು ತಿನ್ನಿ. ಮಾತ್ರೆ ದಿನವೂ ತಪ್ಪುವುದಿಲ್ಲ, ಅದರ ಹಿಂದೆಯೇ ನಿಮ್ಮ ತಿಂಡಿಯೂ ತಪ್ಪುವುದಿಲ್ಲ. ಇದು ರೂಢಿಯಾದ ಮೇಲೆ ಇನ್ನೊಂದು: ಸಂಜೆ ಕೆಲಸ ಬಿಟ್ಟು ಮನೆಗೆ ಬರುವಾಗ ಹದಿನೈದು ನಿಮಿಷ ನಡೆಯಿರಿ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕ ಸದ್ಯಕ್ಕೆ ನಿಮಗೆ ಬೇಡ. ಯಾರೂ ನಿಮ್ಮನ್ನು ಕರೆಯದ ಕಾಲು ಗಂಟೆ ಸಿಕ್ಕರೆ ಸಾಕು. ಡೈರಿ, ಧ್ಯಾನ ಎಲ್ಲ ಆಮೇಲೆ ನೋಡೋಣ.

ಕೂಗಾಡಿದ್ದಕ್ಕೆ ಸಂಕಟವಿದೆ, ಅದು ಪತ್ರದಲ್ಲೇ ಕಾಣುತ್ತದೆ. ಮಾತು ಬರದಿದ್ದರೂ ಇಂಥವರಲ್ಲಿ ಎಷ್ಟೋ ಜನರಿಗೆ ನಾವು ಹೇಳಿದ್ದು ಅರ್ಥವಾಗುತ್ತದೆ. ಕೈ ಹಿಡಿದು ‘ನಿದ್ದೆ ಇಲ್ಲ ಕಣ್ರೀ, ಸುಸ್ತಾಗಿ ಕೂಗಿಬಿಟ್ಟೆ’ ಅನ್ನಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆಯೂ ಬರುತ್ತದೆ. ಅವರು ಮಂಕಾಗಿದ್ದರೆ, ಊಟ ಬೇಡ ಅನ್ನುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ಎಡಗೈಯಲ್ಲಿ ಆಗುವ ಕೆಲಸ, ತಲೆ ಬಾಚುವುದು, ಮುಖ ಒರೆಸಿಕೊಳ್ಳುವುದು, ತಡವಾದರೂ ಅವರಿಗೇ ಬಿಡಿ.

ಈಗ ಮೈದುನನ ಮಾತು. ‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನುವವರಿಗೆ ಏನು ಬೇಕು ಅಂತ ಗೊತ್ತಿರುವುದಿಲ್ಲ. ಬಂದಾಗ ನೀವು ಕಾಫಿ ಕೊಟ್ಟು ನಗುತ್ತೀರಿ, ಎಲ್ಲ ನಡೆಯುತ್ತಿದೆ ಅಂದುಕೊಂಡು ಹೊರಟುಹೋಗುತ್ತಾರೆ. ಸೊಸೆಯಾದವಳು ಬಾಯಿಬಿಟ್ಟು ಕೇಳಬಾರದು ಅಂತ ನಮ್ಮ ಮನೆಗಳಲ್ಲಿ ಕಲಿಸಿಬಿಟ್ಟಿದ್ದಾರೆ. ನೀವು ಕೇಳುವುದು ನಿಮಗಾಗಿ ಮಾತ್ರವಲ್ಲ, ಮಲಗಿರುವವರು ಅವರ ಅಣ್ಣ. ಅದಕ್ಕೇ ಬಿಡಿಸಿ ಹೇಳಿ: ‘ತಿಂಗಳಿಗೆ ಎರಡು ಶನಿವಾರ ಬನ್ನಿ. ಆ ರಾತ್ರಿ ಅಣ್ಣನ ಪಕ್ಕ ನೀವು ಮಲಗಿ, ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತೇನೆ.’ ಬೆಂಗಳೂರಿಂದ ಅರಸೀಕೆರೆಗೆ ರೈಲಿಗೇನೂ ಕೊರತೆಯಿಲ್ಲ. ಬರಲು ಆಗುವುದಿಲ್ಲ ಅಂದರೆ ಏರ್ ಬೆಡ್ಡಿನ ಖರ್ಚು, ವಾರದಲ್ಲಿ ಕೆಲವು ರಾತ್ರಿಗಾದರೂ ನೋಡಿಕೊಳ್ಳುವವರ ಸಂಬಳ ಅವರು ಕೊಡಲಿ. ಫೋನ್ ಮಾಡುವಾಗ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಬಾಯಲ್ಲಿ ಬರದಿದ್ದರೆ ಮಗನಿಗೆ ಅವರೇ ಹೇಳುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಮಗಳ ಮೇಲೆ ರಾತ್ರಿಯ ಭಾರ ಹಾಕಬೇಡಿ. ಕಾಲೇಜಿಂದ ಬಂದಮೇಲೆ ಅಪ್ಪನ ಹತ್ತಿರ ಅರ್ಧ ಗಂಟೆ ಕೂತರೆ ಅವಳಿಗೂ ಒಳ್ಳೆಯದು, ಅವರಿಗೂ ಒಳ್ಳೆಯದು.

14416ಕ್ಕೆ ಇವತ್ತು, ಮೈದುನನಿಗೆ ಈ ಭಾನುವಾರ. ತಿಂಡಿ ನಾಳೆಯಿಂದಲೇ. ಒಂದೆರಡು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ರಾತ್ರಿ ಒಂದೇ ಪಟ್ಟಿಗೆ ಎಷ್ಟು ಗಂಟೆ ನಿದ್ದೆ ಬರುತ್ತಿದೆ ಅಂತ ಅದರಲ್ಲಿ ಮೊದಲು ತಿಳಿಸಿ.